ಕೆಂಪು ಹಗ್ಗದ ಅರ್ಧ ಪಾಠ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹಿತ್ತಲ ನಲ್ಲಿಯ ಹತ್ತಿರ ನಿಂತರೆ ನಮ್ಮ ಮನೆಯೇ ನಮಗೆ ಕಾಣುತ್ತಿರಲಿಲ್ಲ. ಗಾಳಿಯಿಲ್ಲ, ಸದ್ದಿಲ್ಲ. ಸ್ವಲ್ಪ ಹೊತ್ತು ಯಾರೂ ಏನೂ ನೋಡಬೇಡಿ ಎಂದು ದೇವರೇ ಲೋಕದ ಮೇಲೆ ಬಟ್ಟೆ ಹೊದಿಸಿದ ಹಾಗಿತ್ತು. ನೀರು ಹಿಡಿಯಲು ಹೋದವಳು ಒಂಟಿ ಚಕ್ರದ ತಳ್ಳುಗಾಡಿಗೆ ಮೊಣಕಾಲು ಬಡಿಸಿಕೊಂಡೆ. ಗಾಡಿಯನ್ನು ಬೈದೆನೇ ಹೊರತು, ಅದು ಅಲ್ಲೇಕೆ ನಿಂತಿದೆ ಎಂದು ಕೇಳಿಕೊಳ್ಳಲಿಲ್ಲ.

ನಾಲ್ಕು ಗಂಟೆಗೆ ಹೋದ ಕರೆಂಟು ಏಳಕ್ಕೆ ಬಂತು. ಏಳೂವರೆಗೆ ಗ್ಯಾರೇಜಿನಿಂದ ಭಾವನ ಕೂಗು ಕೇಳಿಸಿತು.

"ಯಾರಾದ್ರೂ ಬನ್ನಿ ಇಲ್ಲಿ. ತೊಟ್ಟಿಲು ಎಲ್ಲಿ?"

ಓಡಿದೆ. ಭಾವ, ಅಂದರೆ ನನ್ನ ಗಂಡನ ಅಣ್ಣ, ಶಾಲೆಯ ಹೆಡ್‌ಮಾಸ್ಟರು. ಗೋಡೆಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಸೂರು ನೋಡುತ್ತ ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ನಾನು ಅಕ್ಕ ಎನ್ನುವವರು. ಬಾಗಿಲ ಪಕ್ಕದ ಗೋಡೆಯ ಮೇಲೆ ಹೊಸ ಮೋಟಾರು ಗುರ್ ಎಂದು ತಿರುಗುತ್ತಿತ್ತು. ಬಾಗಿಲು ಮಾತ್ರ ಕದಲುತ್ತಿರಲಿಲ್ಲ. ಮೇಲೆ ತೊಲೆಯಲ್ಲಿ ಕೊಕ್ಕೆ ಇತ್ತು, ರಾಟೆ ಇತ್ತು, ಹಗ್ಗ ಇತ್ತು. ತೊಟ್ಟಿಲು ಇರಲಿಲ್ಲ.

ಆ ತೊಟ್ಟಿಲಿನ ಮಾತನ್ನು ಮೊದಲು ಹೇಳಬೇಕು. ಮರದ ಚೌಕಟ್ಟು, ಬೆತ್ತದ ಹೆಣಿಗೆ. ತೀರಿಹೋದ ನಮ್ಮ ಮಾವ ಕೈಯಾರೆ ಮಾಡಿದ್ದು ಎಂದು ಮನೆಗೆ ಬಂದವರಿಗೆಲ್ಲ ಹೇಳುವ ವಾಡಿಕೆ. ಭಾವ ಅದರಲ್ಲಿ ಮಲಗಿದ್ದರು, ನನ್ನ ಗಂಡ ಮಲಗಿದ್ದರು, ಆಮೇಲೆ ನಮ್ಮ ಮಕ್ಕಳು. ಈಗ ಭಾವನ ಮಗಳು ಬಸುರಿ. ಮುಂದಿನ ವಾರ ಬರುವವಳಿದ್ದಳು.

ಗ್ಯಾರೇಜಿನ ಬಾಗಿಲು ಎತ್ತುವ ಯಂತ್ರ ಆರಿಸಿದ್ದೂ ಈ ತೊಟ್ಟಿಲಿನ ದೆಸೆಯಿಂದಲೇ. ಮೂರು ವಾರ ಅದೇ ಚರ್ಚೆ. ಭಾವನಿಗೆ ಫೋನಿನಲ್ಲೇ ತೆರೆಯುವ, ಕ್ಯಾಮೆರಾ ಇರುವ, ಬಾಯಿ ಬಿಟ್ಟು ಮಾತಾಡುವ ಯಂತ್ರ ಬೇಕು. ಅಕ್ಕನಿಗೆ ನೋಡಲು ಚೆಂದ ಇರುವುದು. ಅವೆರಡಕ್ಕೂ ಸೂರಿನ ನಡುವೆ ಉದ್ದನೆಯ ಕಂಬಿ ಹಾಯಬೇಕು, ಕಂಬಿ ಹಾಯ್ದರೆ ತೊಟ್ಟಿಲಿಗೆ ಜಾಗವಿಲ್ಲ. ಕೊನೆಗೆ ನಾನು ನನ್ನ ಸೋದರಮಾವನನ್ನು ಕೇಳಿದೆ. ನಲವತ್ತು ವರ್ಷ ಲಿಫ್ಟುಗಳ ತಪಾಸಣೆ ಮಾಡಿದವರು, ಎಲ್ಲರಿಗೂ 'ಲಿಫ್ಟ್ ಮಾವ'.

"ಕೆಡೋಕೆ ಅದರಲ್ಲಿ ಎಷ್ಟು ಸಾಮಾನಿದೆ ಅಂತ ಎಣಿಸು, ಮಗಳೇ. ಕಮ್ಮಿ ಇರೋದನ್ನ ತಗೋ. ಕರೆಂಟು ಹೋದಾಗ ಕೈಯಲ್ಲಿ ತೆಗೆಯೋಕಾಗುತ್ತಾ ಅಂತ ಕೇಳು. ಅಷ್ಟು ಸಾಕು" ಎಂದಿದ್ದರು.

ಹಾಗಾಗಿ ಗೋಡೆಗೆ ಕೂರುವ ಸಾದಾ ಯಂತ್ರ ಬಂತು. ಒಂದು ಗುಂಡಿ, ಎರಡು ರಿಮೋಟು. ಹಿಂದಿನ ದಿನ ಸಂಜೆ ಫಿಟ್ಟರ್ ಕೂರಿಸಿ ಹೋಗಿದ್ದ. ಒಂದು ರಿಮೋಟು ಭಾವನ ಕೈಗೆ ಕೊಟ್ಟು, ಇನ್ನೊಂದನ್ನು ಬ್ಯಾಟರಿ ಹಾಕಿಸಿ ತರುತ್ತೇನೆಂದು ಒಯ್ದಿದ್ದ. ಆತನ ಸಾಮಾನಿನ ಚೀಲ ಗ್ಯಾರೇಜಿನ ಮೂಲೆಯಲ್ಲೇ ಇತ್ತು.

"ನೋಡಿ," ಭಾವ ತರಗತಿಯಲ್ಲಿ ನಿಂತವರಂತೆ ಬೆರಳು ಮಡಚಿದರು. "ಅಡುಗೆಮನೆಯಿಂದ ಇಲ್ಲಿಗೆ ಬರೋ ಒಳಬಾಗಿಲಿಗೆ ಅಡುಗೆಮನೆ ಕಡೆಯಿಂದ ಅಗುಳಿ ಹಾಕಿತ್ತು. ಈಗ ನಾನೇ ತೆಗೆದು ಬಂದೆ. ಅದರಲ್ಲಿ ತೊಟ್ಟಿಲು ಹಿಡಿಸೋದೂ ಇಲ್ಲ. ಅಂದ್ರೆ ದೊಡ್ಡ ಬಾಗಿಲಿಂದ್ಲೇ ಹೋಗಿದೆ. ಅದಕ್ಕೆ ರಿಮೋಟು ಬೇಕು. ಒಂದು ನನ್ನ ದಿಂಬಿನ ಕೆಳಗಿತ್ತು. ಇನ್ನೊಂದು?"

ಇನ್ನೊಂದು ಎಂಟು ಗಂಟೆಗೆ ಮಂಜಿನೊಳಗಿಂದ ತಾನಾಗಿಯೇ ನಡೆದು ಬಂತು, ಫಿಟ್ಟರ್‌ನ ಕೈಯಲ್ಲಿ.

"ಬ್ಯಾಟರಿ ಹಾಕಿಸಿದ್ದೀನಿ ಸಾರ್."

"ರಾತ್ರಿಯೆಲ್ಲ ಇದು ನಿನ್ನ ಹತ್ರನೇ ಇತ್ತಾ?"

"ಹೂಂ ಸಾರ್."

"ತೊಟ್ಟಿಲೂ ನಿನ್ನ ಹತ್ರನೇ ಇದೆಯಾ?"

ಆತನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖದ ಬಣ್ಣ ಹೋಯಿತು.

"ತೊಟ್ಟಿಲು ತಗೊಂಡು ನಾನೇನ್ ಮಾಡ್ಲಿ ಸಾರ್? ನನಗಿನ್ನೂ ಮದ್ವೆನೇ ಆಗಿಲ್ಲ."

"ಹಳೇ ಸಾಮಾನು ಕೊಳ್ಳೋರಿಗೇನು ಬರ. ಯಂತ್ರ ನೋಡಿದ್ರೆ ಒಂದೇ ದಿನಕ್ಕೆ ಹೋಗಿದೆ. ತೊಟ್ಟಿಲು ಬರೋವರೆಗೂ ನಿನ್ನ ಚೀಲ ನನ್ನ ಹತ್ರ ಇರುತ್ತೆ."

"ಸಾರ್, ಅದಿಲ್ದೆ ನಾನು ಕೆಲಸ ಮಾಡೋದು ಹೇಗೆ? ಇವತ್ತೇ ಇನ್ನೆರಡು ಮನೆ ಇದೆ. ಈ ಬೀದಿಯ ಹನ್ನೊಂದು ಮನೆಯವರೂ ನಿಮ್ಮನೇದು ನೋಡಿ ಹೇಳ್ತೀವಿ ಅಂದಿದ್ದಾರೆ. ನೀವು ಒಂದು ಮಾತು ಅಂದ್ರೆ ಮುಗೀತು. ಯಾರೂ ನನ್ನನ್ನ ಮನೆ ಒಳಗೆ ಬಿಟ್ಕೊಳ್ಳಲ್ಲ."

ಭಾವ ಚೀಲವನ್ನು ತಮ್ಮ ಕಾಲಬಳಿ ಎಳೆದುಕೊಂಡರು. ಮೇಲಿದ್ದ ಟೆಸ್ಟರನ್ನು ತೆಗೆದು ಗುಂಡಿಯ ಸುತ್ತ ಅಲ್ಲಿ ಇಲ್ಲಿ ಚುಚ್ಚಿ ನೋಡಿ, ಏನೂ ತಿಳಿಯದೆ ಅದನ್ನು ತಮ್ಮ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು.

ನನ್ನ ತಲೆಯೊಳಗೂ ಮಂಜು ಇಳಿಯಿತು. ಆತ ಕಳ್ಳನಾದರೆ ಬೆಳಿಗ್ಗೆ ರಿಮೋಟು ಹಿಡಿದು ಬರುವುದೇಕೆ? ಕಳ್ಳನಲ್ಲದಿದ್ದರೆ ತೊಟ್ಟಿಲು ಗೋಡೆ ತೂರಿ ಹೋಯಿತೇ? ಅದೇ ದಿನ ಯಂತ್ರವೂ ಕೆಡಬೇಕೇ? ಆರಿಸಿದವಳು ನಾನು. ಅಕ್ಕ ಒಮ್ಮೆ ಮೋಟಾರನ್ನೂ ಒಮ್ಮೆ ನನ್ನನ್ನೂ ನೋಡಿದರು. ಆ ನೋಟ ಮಾತಿಗಿಂತ ಚುಚ್ಚಿತು. ಲಿಫ್ಟ್ ಮಾವನಿಗೆ ಫೋನು ಮಾಡಿದೆ.

ಪಕ್ಕದ ಬೀದಿಯಿಂದ ಮಫ್ಲರ್ ಸುತ್ತಿಕೊಂಡು ಬಂದರು. ತೊಟ್ಟಿಲಿನ ಕೊಕ್ಕೆಯನ್ನು ನೋಡಲೇ ಇಲ್ಲ. ಮೋಟಾರಿನ ಕೆಳಗೆ ನಿಂತು, ಅದನ್ನು ಮುಟ್ಟಿ, ಒಂದು ಕ್ಷಣ ಕಣ್ಣು ಮುಚ್ಚಿದರು. ಯಾವ ಯಂತ್ರ ಮುಟ್ಟಿದರೂ ಅವರದು ಅದೇ ರೂಢಿ.

"ಗುಂಡಿ ಒತ್ತಿ, ಮೇಷ್ಟ್ರೇ."

ಮೋಟಾರು ತಿರುಗಿತು. ಬಾಗಿಲು ಸುಮ್ಮನಿತ್ತು.

"ಕೆಟ್ಟಿದೆ," ಎಂದರು ಭಾವ.

"ಹಾಗಂತೀರಾ?" ಮಾವ ಫಿಟ್ಟರ್ ಕಡೆ ತಿರುಗಿದರು. ಆತ ಬಾಯಿ ತೆರೆದ. ಮಾವ ಕೈ ಎತ್ತಿ ತಡೆದರು. "ನೀನು ಆಮೇಲೆ ಹೇಳಪ್ಪ. ಈಗ ನೀನು ಏನು ಹೇಳಿದ್ರೂ ತಪ್ಪಿಸಿಕೊಳ್ಳೋಕೆ ಹೇಳಿದ ಹಾಗಿರುತ್ತೆ. ಮೇಷ್ಟ್ರೇ, ನಿನ್ನೆ ಇವನು ಯಂತ್ರದ ಪಾಠ ಹೇಳ್ದಾಗ ಯಾರ್‍ಯಾರಿದ್ರಿ?"

"ಎಲ್ಲರೂ ಇದ್ವಿ."

"ನೀವು ಕೇಳಿಸ್ಕೊಂಡ್ರಾ?"

ಭಾವ ಗಂಟಲು ಸರಿಮಾಡಿಕೊಂಡರು. "ನಾನು ಫೋನಲ್ಲಿ ಆ ಇನ್ನೊಂದು ಯಂತ್ರ ಎಷ್ಟು ವಾಸಿ ಅಂತ ನೋಡ್ತಿದ್ದೆ."

"ನೀವಮ್ಮ?"

"ನನಗೆ ಅದರ ಬಣ್ಣ ನೋಡಿ ಬೇಜಾರಾಗಿ ಒಳಗೆ ಹೋದೆ," ಎಂದರು ಅಕ್ಕ.

"ನೀನು, ಮಗಳೇ?"

"ಇವರಿಬ್ಬರನ್ನ ಸಮಾಧಾನ ಮಾಡ್ತಿದ್ದೆ ಮಾವ."

"ಭೇಷ್. ಮೂರು ವಾರ ಆರಿಸಿದ್ರಿ, ಮೂರು ನಿಮಿಷ ಕೇಳಲಿಲ್ಲ. ಹಾಗಾದ್ರೆ ಇವನು ಪಾಠ ಹೇಳಿದ್ದು ಗೋಡೆಗಾ?"

"ಅಮ್ಮ ಕೇಳಿದ್ರು ಸಾರ್," ಫಿಟ್ಟರ್ ಮೆಲ್ಲಗೆ ಹೇಳಿದ. "ಅಜ್ಜಿ ಅಮ್ಮ. ಏಣಿ ಬುಡದಲ್ಲೇ ನಿಂತಿದ್ರು. ಅರ್ಧ ಕೇಳಿದ್ರು. ಅಷ್ಟರಲ್ಲಿ ಹಾಲು ಉಕ್ಕಿತು ಅಂತ ಒಳಗೆ ಓಡಿದ್ರು."

ಆತ ಹೇಳಿದ್ದು ನಮ್ಮ ಅತ್ತೆಯ ಬಗ್ಗೆ. ವಯಸ್ಸು ಎಪ್ಪತ್ತಾರು. ದಿನವೂ ಐದಕ್ಕೆ ಏಳುವವರು ಅಂದು ಪ್ರಾರ್ಥನೆ ಮುಗಿಸಿ ಮತ್ತೆ ಮಲಗಿದ್ದರು. ಮಂಜಿಗೆ ಮೈ ಭಾರವಾಗಿರಬೇಕು ಎಂದುಕೊಂಡು ನಾನು ಎಬ್ಬಿಸಿರಲಿಲ್ಲ.

ಮಾವ ಗ್ಯಾರೇಜಿನ ಸುತ್ತ ಕಣ್ಣು ಹಾಯಿಸಿದರು. ಆಮೇಲೆ, "ಈ ಮನೇಲಿ ಒಂಟಿ ಚಕ್ರದ ಗಾಡಿ ಇತ್ತಲ್ಲ, ಗೊಬ್ಬರ ಹೊರೋದು. ಎಲ್ಲಿ ಇಡ್ತೀರಿ?"

"ಇಲ್ಲೇ, ಈ ಮೂಲೇಲಿ," ಎಂದ ಅಕ್ಕ ಮೂಲೆ ನೋಡಿದರು. ಖಾಲಿ.

ನನ್ನ ಮೊಣಕಾಲು ಆಗ ಮತ್ತೆ ನೋಯತೊಡಗಿತು. "ಹಿತ್ತಲ ನಲ್ಲಿ ಹತ್ರ ಇದೆ ಮಾವ. ನಾನು ಬೆಳಿಗ್ಗೆ ಎಡವಿದೆ."

"ಅದರಲ್ಲೇನಿದೆ ನೋಡ್ಕೊಂಡು ಬಾ."

ಹೋಗಿ ನೋಡಿದೆ. ಚಕ್ರಕ್ಕೆ ಒದ್ದೆ ಮಣ್ಣು ಮೆತ್ತಿತ್ತು. ಒಳಗೆ ನಾಲ್ಕು ಮಡಿಕೆ ಮಾಡಿದ ಹಳೆಯ ಕಂಬಳಿ. ಹಿಂಬಾಗಿಲ ಮೆಟ್ಟಿಲ ಮೇಲೆ ಅತ್ತೆಯ ಚಪ್ಪಲಿ, ಅದರ ತುಂಬ ಹುಲ್ಲಿನ ಚೂರು. ವಾಪಸು ಬರುವಾಗ ಕಾಲು ಮುಂದೆ ಹೋಗಲಿಲ್ಲ. ಹೇಳಿದರೆ ಒಬ್ಬರ ಮಾನ ಹೋಗುತ್ತದೆ. ಹೇಳದಿದ್ದರೆ ಇನ್ನೊಬ್ಬರದು. ನನ್ನ ಮುಖ ನೋಡಿಯೇ ಮಾವ ತಲೆಯಾಡಿಸಿದರು.

"ದೊಡ್ಡವರನ್ನ ಕರ್ಕೊಂಡು ಬಾ. ಅವರಿಲ್ದೆ ಈ ಮಾತು ಆಡೋದು ಸರಿಯಲ್ಲ. ಒಂದು ಕುರ್ಚಿನೂ ತಾ."

ಅತ್ತೆ ಶಾಲು ಹೊದ್ದು ಬಂದು ಕೂತರು. ಭಾವನ ಕಾಲಬಳಿಯ ಚೀಲ, ಕೈಕಟ್ಟಿ ನಿಂತ ಫಿಟ್ಟರ್, ಖಾಲಿ ಕೊಕ್ಕೆ, ಎಲ್ಲವನ್ನೂ ನೋಡಿದರು.

"ಈ ಮಗು ಯಾಕೆ ಹೀಗೆ ನಿಂತಿದೆ?"

"ಕಳ್ಳ ಅಂತ ನಿಲ್ಲಿಸಿದ್ದೀವಿ ಅಮ್ಮ," ಎಂದರು ಭಾವ.

ಅತ್ತೆಯ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು.

"ಮೊದಲು ಯಂತ್ರದ ಸಾಕ್ಷಿ ಕೇಳೋಣ," ಎಂದರು ಲಿಫ್ಟ್ ಮಾವ. "ಎಲ್ಲರೂ ಇದು ಕೆಟ್ಟಿದೆ ಅಂದ್ರಿ. ಕೆಟ್ಟಿಲ್ಲ. ಮೋಟಾರು ತಿರುಗಿ ಬಾಗಿಲು ಏಳದೇ ಇದ್ರೆ, ಎರಡರ ನಡುವಿನ ಗೇರು ಬಿಟ್ಟಿದೆ ಅಂತ ಅರ್ಥ. ಅದನ್ನ ಬಿಡಿಸೋದು ಈ ಕೆಂಪು ಹಗ್ಗ." ಮೋಟಾರಿನಿಂದ ಇಳಿಬಿದ್ದ ಸಣ್ಣ ಹಗ್ಗವನ್ನು ತೋರಿಸಿದರು. ಅದು ಬೆಳಿಗ್ಗೆಯಿಂದ ನಮ್ಮ ಕಣ್ಣೆದುರೇ ನೇತಾಡುತ್ತಿತ್ತು. "ಕರೆಂಟು ಇಲ್ದಾಗ ಇದನ್ನ ಎಳೆದ್ರೆ ಬಾಗಿಲು ಕೈಗೆ ಬರುತ್ತೆ. ಎಳೆಯೋಕೆ ಒಳಗೇ ನಿಂತಿರ್ಬೇಕು. ಹೊರಗಿಂದ ಬರೋ ಕಳ್ಳನಿಗೆ ಎಟುಕಲ್ಲ."

"ಆದ್ರೆ ಅಗುಳಿ?" ಎಂದರು ಭಾವ.

"ಹೋಗುವಾಗ ಅಗುಳಿ ತೆಗೆದು ಅಡುಗೆಮನೆಯಿಂದ ಬಂದ್ರು. ತೊಟ್ಟಿಲನ್ನ ಗಾಡಿಗೆ ಇಳಿಸಿಕೊಂಡು ದೊಡ್ಡ ಬಾಗಿಲಿಂದ ಹೊರಗೆ ಹೋದ್ರು, ಬಾಗಿಲನ್ನ ಕೈಯಲ್ಲೇ ಇಳಿಸಿದ್ರು. ವಾಪಸು ಬಂದದ್ದು ಹಿಂಬಾಗಿಲಿಂದ. ಆಮೇಲೆ ಅಡುಗೆಮನೇಲಿ ನಿಂತು ಅಗುಳಿ ಹಾಕಿದ್ರು. ಗಾಡಿ ಮಾತ್ರ ಹಿತ್ತಲಲ್ಲೇ ಉಳೀತು."

"ಆ ಬಾಗಿಲು ಕೈಯಲ್ಲಿ ಎತ್ತೋಕೆ ಇಬ್ಬರು ಗಂಡಸರು ಬೇಕು ರೀ," ಎಂದರು ಭಾವ.

ಮಾವ ಬಗ್ಗಿ ಬಾಗಿಲಿನ ಹಿಡಿಗೆ ಎರಡು ಬೆರಳು ಹಾಕಿದರು. ಬಾಗಿಲು ನಿಟ್ಟುಸಿರಿನಷ್ಟು ಸದ್ದು ಮಾಡಿ ಸೊಂಟದ ತನಕ ಎದ್ದು, ಬಿಟ್ಟಲ್ಲೇ ನಿಂತಿತು. ಕೆಳಗಿನಿಂದ ಮಂಜು ತೆವಳಿ ಒಳಗೆ ಬಂತು.

"ಇದು ಇವನ ಕೈಗುಣ. ಭಾರಕ್ಕೆ ಸರಿಯಾಗಿ ಸ್ಪ್ರಿಂಗು ಬಿಗಿದಿದ್ದಾನೆ. ಎಪ್ಪತ್ತಾರು ವರ್ಷದ ಕೈಗೂ ಏಳುತ್ತೆ." ಆಮೇಲೆ ಫಿಟ್ಟರ್ ಕಡೆಗೆ, "ಈಗ ಹೇಳಪ್ಪ. ಪಾಠದ ಇನ್ನರ್ಧ ಏನು?"

"ಕೆಲಸ ಆದ್ಮೇಲೆ ಹಗ್ಗವನ್ನ ಇನ್ನೊಂದು ಸಲ ಎಳೀಬೇಕು ಸಾರ್. ಆಗ ಗೇರು ಮತ್ತೆ ಕಚ್ಚಿಕೊಳ್ಳುತ್ತೆ."

"ಕೇಳಿದ್ರಾ? ಇವನೇ ಬಂದಿದ್ರೆ ಎರಡನೇ ಸಲ ಎಳೆದು ಹೋಗ್ತಿದ್ದ. ಕೆಲಸಗಾರ ತನ್ನ ಕೆಲಸವನ್ನ ಅರ್ಧಕ್ಕೆ ಬಿಡಲ್ಲ. ಒಂದೇ ಸಲ ಎಳೆದವರು ಅರ್ಧ ಪಾಠ ಕೇಳಿದವರು." ಅವರ ದನಿ ತಗ್ಗಿತು. "ಇಲ್ಲಿ ಕಳ್ಳರು ಯಾರೂ ಇಲ್ಲ. ತಗೊಂಡು ಹೋದವರಿದ್ದಾರೆ. ಅಮ್ಮಾ, ಎಷ್ಟು ದೂರ ತಳ್ಳಿದ್ರಿ?"

ಭಾವ ತಾಯಿಯ ಕಡೆ ನೋಡಿದರು. ಅಕ್ಕ ಬಾಯಿಗೆ ಕೈ ಇಟ್ಟುಕೊಂಡರು.

"ಹಿಂದಿನ ಬೀದಿಗೆ," ಎಂದರು ಅತ್ತೆ. "ಹೊಲಿಗೆಯಮ್ಮನ ಮನೆಗೆ."

"ಕದ್ದಾ ಅಮ್ಮ? ನಮ್ಮಪ್ಪ ಮಾಡಿದ ತೊಟ್ಟಿಲನ್ನ?"

"ನಿಮ್ಮಪ್ಪ ಮಾಡ್ಲಿಲ್ಲ ಕಣೋ."

ಅತ್ತೆ ಶಾಲಿನ ಅಂಚನ್ನು ಮಡಚುತ್ತ, ಬಿಚ್ಚುತ್ತ ಹೇಳಿದರು. "ನೀನು ಹುಟ್ಟಿದಾಗ ನಮ್ಮ ಹತ್ರ ಒಂದು ಚಾಪೆನೂ ನೆಟ್ಟಗಿರ್ಲಿಲ್ಲ. ಅದೇ ವರ್ಷ ಅವಳು ಅದನ್ನ ಮಾಡಿಸಿಟ್ಟಿದ್ಲು. ಅವಳ ಮಗು ಉಳೀಲಿಲ್ಲ. ತಾನೇ ಹೊತ್ಕೊಂಡು ಬಂದು, ಮಗ ನಡೆಯೋವರೆಗೂ ಇಟ್ಕೋ ಅಂದ್ಲು. ನೀನು ನಡೆದೆ. ಅಷ್ಟರಲ್ಲಿ ನಿಮ್ಮಪ್ಪ ನೆಂಟರ ಮುಂದೆ ತಮಾಷೆಗೆ, ನಾನೇ ಮಾಡಿದ್ದು ಅಂದುಬಿಟ್ರು. ನೀವು ನಂಬಿದ್ರಿ. ನೀವು ನಂಬಿದ್ದು ನೋಡಿ ಅವರಿಗೂ ಸುಖ ಆಯ್ತು. ನಾನು ಹೇಗೆ ಬಾಯಿ ಬಿಡ್ಲಿ? ಸತ್ತ ಮೇಲೆ ಅವರನ್ನ ಸುಳ್ಳುಗಾರ ಮಾಡ್ಲಾ?"

"ಮತ್ತೆ ಈಗ್ಯಾಕೆ ಅತ್ತೆ?" ಎಂದೆ ನಾನು.

"ಮೊನ್ನೆ ಅವಳು ಸಿಕ್ಕಿದ್ಲು. ತಂಗಿ ಮಗಳನ್ನ ಸಾಕಿದ್ದಾಳಲ್ಲ, ಅವಳಿಗೆ ದಿನ ತುಂಬಿದೆ. ಒಂದು ತೊಟ್ಟಿಲು ಹುಡುಕ್ತಿದ್ದೀವಿ ಅಂದ್ಲು. ನನ್ನದು ಕೊಡು ಅನ್ನಲಿಲ್ಲ. ಐವತ್ತೆರಡು ವರ್ಷದಲ್ಲಿ ಒಂದು ಸಲವೂ ಅನ್ನಲಿಲ್ಲ. ಇಲ್ಲಿ ನೋಡಿದ್ರೆ ಮೂರು ವಾರದಿಂದ ಅಪ್ಪನ ತೊಟ್ಟಿಲು, ಅಪ್ಪನ ತೊಟ್ಟಿಲು. ದೇವರ ಮುಂದೆ ಕೂತ್ರೆ ಅದೇ ಕಣ್ಣಿಗೆ ಬರ್ತಿತ್ತು. ಬೆಳಿಗ್ಗೆ ಎದ್ದೆ, ಮಂಜಿತ್ತು. ಕರೆಂಟು ಇದ್ದಿದ್ರೆ ಗುಂಡಿ ಒತ್ತುತ್ತಿದ್ದೆ."

"ಆಗ ನಾನೂ ಕಂಡು ಹಿಡೀತಿರ್ಲಿಲ್ಲ," ಎಂದರು ಲಿಫ್ಟ್ ಮಾವ.

ಅತ್ತೆ ಫಿಟ್ಟರ್ ಕಡೆ ತಿರುಗಿದರು. "ನಿನ್ನ ತಲೆಗೆ ಬರುತ್ತೆ ಅಂತ ನನಗೆ ಹೊಳೀಲಿಲ್ಲ ಮಗು. ಒಂದು ಋಣ ತೀರಿಸೋಕೆ ಹೋಗಿ ಇನ್ನೊಂದು ಹೊತ್ಕೊಂಡೆ."

"ಬಿಡಿ ಅಮ್ಮ," ಎಂದ ಆತ. "ಪೂರ್ತಿ ಪಾಠ ಹೇಳ್ದೇ ಹೋದದ್ದು ನನ್ನ ತಪ್ಪು."

ಭಾವ ಖಾಲಿ ಕೊಕ್ಕೆಯನ್ನೇ ನೋಡುತ್ತಿದ್ದರು. ನಾವು ಅವರ ಸಿಟ್ಟಿಗೆ ಕಾದೆವು. ಬಂದದ್ದು ಬೇರೆ ಮಾತು.

"ಯೋಚನೆ ಮಾಡಿದ್ರೆ, ಅಪ್ಪ ಒಂದು ಮೊಳೆ ಹೊಡೆದದ್ದನ್ನೂ ನಾನು ನೋಡಿಲ್ಲ. ಫೋಟೋ ನೇತುಹಾಕೋಕೂ ಪಕ್ಕದ ಮನೆಯವರನ್ನ ಕರೀತಿದ್ರು."

ಅತ್ತೆಯ ತುಟಿ ಅದುರಿತು. ಅಳುವೋ ನಗುವೋ ತಿಳಿಯಲಿಲ್ಲ.

ಫಿಟ್ಟರ್ ಬಾಗಿಲನ್ನು ಪೂರ್ತಿ ಇಳಿಸಿ ಅತ್ತೆಯನ್ನು ಕರೆದ. ಅವರು ಎದ್ದು ಬಂದು ಕೆಂಪು ಹಗ್ಗವನ್ನು ಎರಡನೇ ಸಲ ಎಳೆದರು. ಒಳಗೆಲ್ಲೋ ಟಕ್ ಎಂದಿತು. ನಾನು ಗುಂಡಿ ಒತ್ತಿದೆ. ಬಾಗಿಲು ನಿಧಾನವಾಗಿ, ಯಾರ ಮೇಲೂ ಮುನಿಸಿಲ್ಲದಂತೆ ಮೇಲೆದ್ದಿತು. ಹೊರಗೆ ಮಂಜು ಚದುರಿತ್ತು. ಎದುರು ಮನೆಯ ಜಗಲಿಯಲ್ಲಿ ಇಬ್ಬರು ನಿಂತು ನಮ್ಮ ಕಡೆಯೇ ನೋಡುತ್ತಿದ್ದರು.

ಅವರು ನೋಡುತ್ತಿರುವಾಗಲೇ ಭಾವ ಬಗ್ಗಿ ಚೀಲ ಎತ್ತಿಕೊಂಡರು. ಅದಕ್ಕೆ ಮೆತ್ತಿದ್ದ ಧೂಳನ್ನು ಅಂಗೈಯಿಂದ ಒರೆಸಿದರು. ತಮ್ಮ ಜೇಬಿನಿಂದ ಟೆಸ್ಟರ್ ತೆಗೆದು, ಅದು ಮೊದಲಿದ್ದ ಜಾಗದಲ್ಲೇ ಸಿಕ್ಕಿಸಿ, ಚೀಲವನ್ನು ಎರಡೂ ಕೈಯಲ್ಲಿ ಆತನಿಗೆ ಕೊಟ್ಟರು.