ಪೈಲ್ವಾನನೂ ಬೆಡ್‌ಶೀಟೂ

"ಆ ತುದಿ ಎತ್ತಿ ಹಿಡಿ. ಇನ್ನೂ ಮೇಲೆ. ಹಾಂ, ಈಗ ಕ್ಲಿಪ್ ಹಾಕು," ಅಂದಳು ಅಕ್ಕ.

ಬುಗುರಿ ಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತು ಕ್ಲಿಪ್ ಹಾಕಿದಳು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ, ಹಗ್ಗದ ತುಂಬ ನೀಲಿ ಬೆಡ್‌ಶೀಟು. ಇದಕ್ಕಿಂತ ಒಳ್ಳೆಯ ಟೆಂಟ್ ಇನ್ನೆಲ್ಲಿ ಸಿಗುತ್ತೆ?

"ಟಾರ್ಚ್ ತರ್ಲಾ ಅಕ್ಕಾ?"

"ಟಾರ್ಚ್ ಯಾಕೆ? ಇದು ಆಟಕ್ಕಲ್ಲ ಕಣೆ. ಆ ಕಡೆ ನಿಂದು, ಈ ಕಡೆ ನಂದು. ನನ್ನ ಎಕ್ಸಾಮ್ ಮುಗಿಯೋವರೆಗೂ ಈ ಕಡೆ ತಲೆ ಹಾಕ್ಬಾರ್ದು."

ಬುಗುರಿ ಕುರ್ಚಿಯಿಂದ ಇಳಿದಳು. ತನ್ನನ್ನು ಹೊರಗೆ ಹಾಕುವ ಗೋಡೆಗೆ ತಾನೇ ಕುರ್ಚಿ ಹತ್ತಿ ಕ್ಲಿಪ್ ಹಾಕಿದ್ದಳಲ್ಲ!

ನಿಂತಲ್ಲಿ ನಿಲ್ಲದ ಹುಡುಗಿ ಅವಳು. ಅದಕ್ಕೇ ಮನೆಯಲ್ಲಿ ಬುಗುರಿ ಅಂತ ಹೆಸರು. ಅಕ್ಕ ಓದಲು ಕೂತರೆ ಸಾಕು, ಟೇಬಲ್ಲಿನ ಸುತ್ತ ಗಿರ್ರನೆ ತಿರುಗುತ್ತಾ, ಇದೇನು, ಅದ್ಯಾಕೆ ಅಂತ ತಲೆ ತಿನ್ನುತ್ತಿದ್ದಳು.

"ಮತ್ತೆ ಸೈಕಲ್?" ಅಂತ ಸಣ್ಣ ದನಿಯಲ್ಲಿ ಕೇಳಿದಳು.

ಅದು ಅವರಿಬ್ಬರ ಆಟ. ಸಂಜೆ ನೆಲದ ಮೇಲೆ ಅಂಗಾತ ಮಲಗಿ, ಅಂಗಾಲಿಗೆ ಅಂಗಾಲು ಒತ್ತಿ, ಇಬ್ಬರೂ ಸೇರಿ ಪೆಡಲ್ ತುಳಿಯುವುದು. ಎಲ್ಲಿಗೂ ಹೋಗದ ಸೈಕಲ್ಲು. ಆದರೂ ತುಂಬ ದೂರ ಹೋಗಿಬಂದಷ್ಟು ನಗು.

"ಅದೂ ಎಕ್ಸಾಮ್ ಆದ್ಮೇಲೆ," ಅಂದಿತು ಬೆಡ್‌ಶೀಟು.

ಬುಗುರಿ ಮುಖ ಊದಿಸಿಕೊಂಡು ಮುಂದಿನ ಕೋಣೆಗೆ ಬಂದಳು.

ಅದು ಮೀನುಗಳ ಕೋಣೆ. ಅಮ್ಮನ ಕೆಲಸವೇ ಮೀನು ಸಾಕುವುದು. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ದಿನವಿಡೀ ಗುಳುಗುಳು ಅನ್ನುವ ಪಂಪುಗಳು. ಮರಿಗಳು ದೊಡ್ಡವಾದ ಮೇಲೆ ಅಮ್ಮ ಅವನ್ನು ಅಂಗಡಿಗಳಿಗೆ ಕೊಟ್ಟುಬರುತ್ತಾಳೆ.

ಎಲ್ಲಕ್ಕಿಂತ ದೊಡ್ಡ ತೊಟ್ಟಿಯಲ್ಲಿ ಪೈಲ್ವಾನ್ ಇದ್ದ. ಸಿಕ್ಲಿಡ್ ಜಾತಿಯ ಗಂಡುಮೀನು. ಒಂದು ಗೇಣಿಗಿಂತ ಉದ್ದ, ಹಣೆಯ ಮೇಲೆ ಗುಡ್ಡದಂಥ ಉಬ್ಬು. ಕೈ ಹಾಕಿದರೆ ಅಮ್ಮನ ಬೆರಳನ್ನೂ ಕಚ್ಚುತ್ತಿದ್ದ. ಅದೇ ತೊಟ್ಟಿಯ ಇನ್ನೊಂದು ಬದಿಯಲ್ಲಿ ಅವನ ಅರ್ಧದಷ್ಟಿದ್ದ ಹೆಣ್ಣುಮೀನು, ಚುಕ್ಕಿ. ಅವಳನ್ನು ಉಗುರಿನಷ್ಟಿದ್ದಾಗಿನಿಂದ ಅಮ್ಮನೇ ಸಾಕಿದ್ದಳು. ಇಬ್ಬರ ನಡುವೆ ಬಿಳಿ ಪ್ಲಾಸ್ಟಿಕ್ ಜಾಲರಿಯ ಡಿವೈಡರ್.

"ಅಮ್ಮಾ, ಇವ್ರಿಗೂ ಎಕ್ಸಾಮಾ?"

ಅಮ್ಮ ನಗುತ್ತಾ ಬಕೆಟ್ ಎತ್ತಿಕೊಂಡಳು. "ಚುಕ್ಕಿ ಮೊಟ್ಟೆ ಇಡೋ ಹೊತ್ತು ಬಂತು. ಪೈಲ್ವಾನನ ಕೈಗೆ ಸಿಕ್ರೆ ಅವಳನ್ನ ಉಳಿಸಲ್ಲ. ಡಿವೈಡರ್ ಮುಟ್ಬೇಡ, ಆಯ್ತಾ? ಅಂಗಡಿಗೆ ಹೋಗಿ ಬಂದ್ಬಿಡ್ತೀನಿ."

ಅಮ್ಮ ಹೋದಳು. ಬುಗುರಿ ಗಾಜಿಗೆ ಮೂಗು ಒತ್ತಿ ಕೂತಳು.

ಪೈಲ್ವಾನ್ ಜಾಲರಿಯ ಹತ್ತಿರ ಬಂದ. ಚುಕ್ಕಿಯೂ ಬಂದಳು. ಮೂತಿಗೆ ಮೂತಿ ಎದುರಾಗಿ ನಿಂತು ಇಬ್ಬರೂ ಬಾಲ ನಡುಗಿಸಿದರು. ಅವನು ಆ ತುದಿಗೆ ಹೋದರೆ ಅವಳೂ ಆ ತುದಿಗೆ. ಅವನು ಈ ತುದಿಗೆ ಬಂದರೆ ಅವಳೂ ಈ ತುದಿಗೆ.

"ಪಾಪ," ಅಂದಳು ಬುಗುರಿ. "ನಿಮ್ಮನ್ನೂ ಬೇರೆ ಹಾಕ್ಬಿಟ್ರಾ?"

ಒಳಗಿನ ಕೋಣೆಯಿಂದ ಅಕ್ಕ ಗಟ್ಟಿಯಾಗಿ ಪಾಠ ಓದಿಕೊಳ್ಳುವುದು ಕೇಳುತ್ತಿತ್ತು. ಬುಗುರಿಗೆ ಮತ್ತೆ ಸಿಟ್ಟು ಬಂತು. ಸ್ಟೂಲು ಎಳೆದು, ಹತ್ತಿ, ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಜಗ್ಗಿದಳು. ಸರ್ರನೆ ಬಂದುಬಿಟ್ಟಿತು.

ಮೊದಲು ಎಲ್ಲ ಚೆನ್ನಾಗಿತ್ತು. ಪೈಲ್ವಾನ್ ಚುಕ್ಕಿಯ ಸುತ್ತ ಒಂದು ಸುತ್ತು ಬಂದ. ಚುಕ್ಕಿ ರೆಕ್ಕೆ ಅರಳಿಸಿದಳು. "ನೋಡಿದ್ಯಾ!" ಅಂತ ಬುಗುರಿ ಯಾರಿಗೋ ಹೇಳಿದಳು.

ಕಣ್ಣು ಮಿಟುಕಿಸುವುದರೊಳಗೆ ಪೈಲ್ವಾನ್ ನುಗ್ಗಿದ. ಢಬ್ ಅಂತ ಗಾಜಿಗೆ ಬಡಿದ ಸದ್ದು. ಚುಕ್ಕಿ ಓಡಿದಳು, ಓಡಲು ಜಾಗವೆಲ್ಲಿದೆ? ಮೂಲೆಗೆ ಹೋದರೆ ಮೂಲೆಯಲ್ಲಿ ಗುದ್ದಿದ, ಮೇಲೆ ಬಂದರೆ ಮೇಲೂ ಬಂದ. ಅವಳ ಮೈಯಿಂದ ಕಿತ್ತುಬಂದ ಹೊಳೆಯುವ ಹುರುಪೆಗಳು ನೀರಿನಲ್ಲಿ ತಿರುಗುತ್ತಾ ಕೆಳಗಿಳಿದವು.

"ಅಕ್ಕಾ!"

ಬೆಡ್‌ಶೀಟು ಹರಿದುಹೋಯಿತೇನೋ ಅನ್ನುವ ಹಾಗೆ ಅಕ್ಕ ಓಡಿಬಂದಳು. ಕೈಯಲ್ಲಿ ಎಕ್ಸಾಮ್ ಪ್ಯಾಡ್ ಹಾಗೇ ಇತ್ತು. ಒಂದು ಸಲ ತೊಟ್ಟಿ ನೋಡಿದವಳೇ, ಕ್ಲಿಪ್ಪಿನಲ್ಲಿದ್ದ ಹಾಳೆಗಳ ಸಮೇತ ಪ್ಯಾಡನ್ನು ನೀರಿಗೆ ತುರುಕಿ ಎರಡು ಮೀನುಗಳ ನಡುವೆ ಅಡ್ಡ ಹಿಡಿದಳು.

"ಲೈಟ್ ಆರ್ಸು! ಬೇಗ!"

ತೊಟ್ಟಿ ಕತ್ತಲಾದ ಮೇಲೆ ಪೈಲ್ವಾನನ ಓಡಾಟ ನಿಧಾನವಾಯಿತು. ಬುಗುರಿ ಜಾಲರಿ ಕೊಟ್ಟಳು. ಅಕ್ಕ ಅದನ್ನು ಇಳಿಸಿ, ಪ್ಯಾಡ್ ಹೊರಗೆ ತೆಗೆದಳು. ಹಾಳೆಗಳಿಂದ ನೀಲಿ ನೀರು ಸುರಿಯುತ್ತಿತ್ತು. ಇಡೀ ವಾರ ಬರೆದ ನೋಟ್ಸು.

ಅಕ್ಕ ಬೈಯುತ್ತಾಳೆ ಅಂತ ಬುಗುರಿ ಕಾದಳು. ಅಕ್ಕನೋ ಒದ್ದೆ ಹಾಳೆಗಳನ್ನು ಒಂದೊಂದೇ ಬಿಡಿಸಿ, ಬೆಡ್‌ಶೀಟಿನ ಹಗ್ಗಕ್ಕೆ, ಬುಗುರಿ ಹಾಕಿದ್ದ ಕ್ಲಿಪ್ಪುಗಳಲ್ಲೇ ಒಣಹಾಕಿದಳು. ಬೈದಿದ್ದರೇ ವಾಸಿಯಿತ್ತು.

ಅಮ್ಮ ಚಪ್ಪಲಿ ಬಿಡುತ್ತಿದ್ದಂತೆ ಬುಗುರಿ ಹೇಳಿಬಿಟ್ಟಳು. "ನಾನೇ ತೆಗ್ದೆ ಅಮ್ಮಾ. ಅವ್ರಿಬ್ರೂ ಒಟ್ಟಿಗೆ ಇರ್ಬೇಕು ಅಂತಿದ್ರು."

ಅಮ್ಮ ತೊಟ್ಟಿಯ ಮುಂದೆ ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಳು. ಚುಕ್ಕಿ ಮಣ್ಣಿನ ಕುಂಡದ ಹಿಂದೆ ಓರೆಯಾಗಿ ನಿಂತಿದ್ದಳು. ಬಾಲ ಚಿಂದಿಯಾಗಿತ್ತು. ಕಿವಿರು ಮಾತ್ರ ಆಡುತ್ತಿತ್ತು.

"ಬದುಕ್ತಾಳಾ?"

"ನೋಡ್ಬೇಕು." ಗಾಯ ಮಾಯಲೆಂದು ಅಮ್ಮ ನೀರಿಗೆ ಒಂದಿಷ್ಟು ಉಪ್ಪು ಹಾಕಿದಳು.

"ನಾನೇನ್ ಮಾಡ್ಲಿ?"

"ಎರಡೂ ಕೈ ಬೆನ್ನ ಹಿಂದೆ ಇಟ್ಕೊಂಡು ಕೂತ್ಕೊ, ನನ್ನ ತಾಯಿ. ಅದೇ ದೊಡ್ಡ ಉಪಕಾರ."

ಬುಗುರಿ ನಿಜವಾಗಿಯೂ ಹಾಗೇ ಕೂತಳು. ಸ್ಕೂಲಿನಿಂದ ಬಂದವಳೇ ತೊಟ್ಟಿಯ ಮುಂದೆ ಕೈ ಕಟ್ಟಿ ಕೂರುವುದು. ಅಮ್ಮ ಹಾಕಿದ ಕಾಳನ್ನು ಚುಕ್ಕಿ ತಿನ್ನದೆ ಬಿಟ್ಟಳು. ಮರುದಿನವೂ ಬಿಟ್ಟಳು. ಅವತ್ತು ಬುಗುರಿಗೂ ಊಟ ಸೇರಲಿಲ್ಲ. ಆಮೇಲೊಂದು ದಿನ ಕುಂಡದ ಹಿಂದಿನಿಂದ ಒಂದು ಮೂತಿ ಬಂತು, ಒಂದು ಕಾಳನ್ನು ಗಬಕ್ಕನೆ ನುಂಗಿ ಒಳಗೆ ಹೋಯಿತು. ಬುಗುರಿ ಕಿರುಚಲು ಹೋಗಿ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು. ಒಳಗೆ ಅಕ್ಕ ಹೊಸದಾಗಿ ನೋಟ್ಸ್ ಬರೆಯುತ್ತಿದ್ದಳು.

ಬಾಲದ ಅಂಚು ನಿಧಾನವಾಗಿ ಬೆಳೆಯಿತು. ಒಂದು ಮಧ್ಯಾಹ್ನ ನೋಡಿದರೆ ಚುಕ್ಕಿ ಜಾಲರಿಗೆ ಅಂಟಿಕೊಂಡಿದ್ದ ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜುತ್ತಿದ್ದಾಳೆ!

"ಅಮ್ಮಾ, ಅಲ್ಲಿಗ್ಯಾಕೆ ಹೋದ್ಲು? ಅವ್ನು ಆ ಕಡೇನೇ ಇದಾನೆ!"

"ಶ್! ಮೊಟ್ಟೆ ಇಡೋಕೆ." ಅಮ್ಮ ಪೈಲ್ವಾನನ ಕಡೆಯಿಂದ ಚುಕ್ಕಿಯ ಕಡೆಗೆ ನೀರು ಹರಿಯುವಂತೆ ಪಂಪಿನ ಬಾಯಿ ತಿರುಗಿಸಿದಳು.

ಚುಕ್ಕಿ ಕಲ್ಲಿನ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋದಳು. ಜಾಲರಿಯ ಆಚೆ, ಅದೇ ಕಲ್ಲಿನ ಎದುರು, ಪೈಲ್ವಾನ್ ಮೈ ನಡುಗಿಸುತ್ತಾ ನಿಂತಿದ್ದ. ಎಷ್ಟು ಹತ್ತಿರ ಬರಬಹುದೋ ಅಷ್ಟು ಹತ್ತಿರ.

"ಮೊಟ್ಟೆಗೆ ಜೀವ ತುಂಬೋದು ಅವನ ಕೆಲಸ," ಅಂದಳು ಅಮ್ಮ. "ಅವನು ಆ ಕಡೆ ಬಿಟ್ಟಿದ್ದು ನೀರಿನ ಜೊತೆ ಈ ಕಡೆ ಬರುತ್ತೆ."

"ಡಿವೈಡರ್ ಇದ್ರೂ?"

"ತೂತು ಇದೆಯಲ್ಲ."

"ಬರ್ದೇ ಇದ್ರೆ?"

"ಮೊಟ್ಟೆ ಎಲ್ಲ ಬೆಳ್ಳಗೆ ಸುಣ್ಣದ ಹಾಗೆ ಆಗುತ್ತೆ. ನಾಳೆ ನಾಡಿದ್ದರಲ್ಲಿ ಗೊತ್ತಾಗುತ್ತೆ."

ಮರುದಿನ ಕೆಲವು ಬೆಳ್ಳಗಾಗಿದ್ದವು. ಅದರ ಮಾರನೆಯ ದಿನ ಅಮ್ಮ ಟಾರ್ಚ್ ಹಿಡಿದಳು. ಬಿಳಿ ಮೊಟ್ಟೆಗಳ ನಡುವೆ ಜೇನಿನ ಬಣ್ಣದ ಮೊಟ್ಟೆಗಳು. ಅವುಗಳಲ್ಲೊಂದರೊಳಗೆ ದಾರದಷ್ಟು ಸಣ್ಣದೊಂದು ಬಾಲ ಮಿಡುಕಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಲ್ಲಿ ನೋಡಿದರೂ ಅದೇ.

"ಅಮ್ಮಾ," ಅಂದಳು ಬುಗುರಿ, ಪಿಸುಮಾತಿನಲ್ಲಿ. ಅಮ್ಮ ಅವಳ ತಲೆಯನ್ನು ತನ್ನ ಪಕ್ಕೆಗೆ ಒತ್ತಿಕೊಂಡಳು.

ಅಕ್ಕನಿಗೆ ಹೇಳಬೇಕು! ಬುಗುರಿ ಒಳಗೆ ಓಡಿದಳು. ಬೆಡ್‌ಶೀಟಿನ ಮುಂದೆ ಬಂದವಳು ಗಕ್ಕನೆ ನಿಂತಳು. ಆಚೆ ಅಕ್ಕನ ದನಿ ಕೇಳುತ್ತಿತ್ತು. ಅಕ್ಕ ಇವತ್ತು ನೆಲದ ಮೇಲೆ ಕಾಲು ಚಾಚಿ ಕೂತು ಓದುತ್ತಿರಬೇಕು. ದನಿ ಕೆಳಗಿನಿಂದ ಬರುತ್ತಿತ್ತು.

ಬೆಡ್‌ಶೀಟಿನ ಅಂಚಿಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗವಿತ್ತು. ಇಷ್ಟು ದಿನ ಅದು ಬುಗುರಿಯ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅವಳು ಸದ್ದಿಲ್ಲದೆ ಅಂಗಾತ ಮಲಗಿದಳು. ಒಂದು ಕಾಲನ್ನು ಮೆಲ್ಲಗೆ ಅಂಚಿನ ಕೆಳಗೆ ತೂರಿಸಿ, ಅಲ್ಲಾಡಿಸದೆ ಇಟ್ಟಳು. ಕೈಗಳು ಬೆನ್ನ ಹಿಂದಿದ್ದವು.

ಅಕ್ಕ ಓದುತ್ತಲೇ ಇದ್ದಳು. ಒಂದು ಪುಟ ಮಗುಚಿದ ಸದ್ದಾಯಿತು. ಇನ್ನೊಂದು ಪುಟ.

ಆಮೇಲೆ ಬುಗುರಿಯ ಅಂಗಾಲಿಗೆ ಒಂದು ಬೆಚ್ಚನೆಯ ಅಂಗಾಲು ಬಂದು ತಾಗಿತು. ಒಂಟಿ ಪೆಡಲಿನ ಸೈಕಲ್ಲು ನಿಧಾನವಾಗಿ ಹೊರಟಿತು. ಪಾಠ ನಿಲ್ಲಲಿಲ್ಲ.