ಭಗವಂತರಾಯರ ಹೊಸ ಟೈರುಗಳು

ಬೆಳಿಗ್ಗೆ ಶಿರವಾಳದ ಹತ್ತಿರ ಬಿಳಿ ಕಾರೊಂದು ಕುರಿ ಹಿಂಡಿಗೆ ನುಗ್ಗಿತು. ಕುರಿ ಹೊಡೆದುಕೊಂಡು ಹೊರಟಿದ್ದ ಸಾಬಣ್ಣ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ. ಡ್ರೈವರ್ ಮೌನೇಶ ಓಡಿಹೋಗಲಿಲ್ಲ. ಸಾಬಣ್ಣನನ್ನು ಹಿಂದೆ ಬಂದ ಟಂಟಂ ಆಟೋದಲ್ಲಿ ಹಾಕಿಕೊಂಡು ಶಹಾಪುರದ ಆಸ್ಪತ್ರೆಗೆ ತಂದವನೇ ಅವನು. ಅಲ್ಲಿಂದ ರಕ್ತದ ಅಂಗಿಯಲ್ಲೇ ನೆಟ್ಟಗೆ ಠಾಣೆಗೆ ಬಂದ.

"ಮುಂದಿನ ಟೈರ್ ಸಿಡೀತ್ರಿ ಮೇಡಂ. ಗಾಡಿ ನನ್ನ ಕೈಯಾಗ ಉಳೀಲಿಲ್ಲ," ಎಂದ.

ಪಿಎಸ್‌ಐ ಮಲ್ಲೇಶ್ವರಿ ಕಾರು ನೋಡಲು ಹೋದಳು. ಕಾರು ಅಪಘಾತದ ಜಾಗದಲ್ಲಿರಲಿಲ್ಲ. ಜನ ಬೆಂಕಿ ಹಚ್ಚಿಯಾರು ಎಂದು ಮಾಲೀಕ ಭಗವಂತರಾಯ ಸಾಹುಕಾರ ತನ್ನ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ, ಶಹಾಪುರದ ತನ್ನ ಹತ್ತಿ ಗೋದಾಮಿನ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದ. ಬಂಪರ್ ಮುರಿದಿತ್ತು. ರೇಡಿಯೇಟರ್ ಒಡೆದು ಇಂಜಿನ್ ಸತ್ತಿತ್ತು. ಆದರೆ ನಾಲ್ಕೂ ಟೈರು ಹೊಚ್ಚಹೊಸವು. ಒಂದಕ್ಕೂ ಗೀರು ಬಿದ್ದಿರಲಿಲ್ಲ.

"ಹೋದ ವಾರ ಹಾಕ್ಸೀನ್ರಿ. ಬಿಲ್ ಐತಿ," ಎಂದ ಭಗವಂತರಾಯ. "ಟೈರ್ ಸಿಡೀತಂತ! ಎಲ್ಲೈತಿ ಸಿಡಿದ ಟೈರು? ಅಂವ ಕುಡದಿರಬೇಕು, ಇಲ್ಲಾ ನಿದ್ದಿ ಹತ್ತಿರಬೇಕು."

ಈ ಮಾತು ನಿಂತರೆ ಮೌನೇಶನಿಗೆ ಜೈಲು. ಲೈಸೆನ್ಸೂ ಹೋಯಿತು. ಸ್ಟೇರಿಂಗ್ ಹಿಡಿಯುವುದು ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

*

ಡಾಕ್ಟರು ಪರೀಕ್ಷೆ ಮಾಡಿದರು. ಮೌನೇಶ ಹನಿ ಕೂಡ ಕುಡಿದಿರಲಿಲ್ಲ. ಅಪಘಾತದ ಜಾಗದಿಂದ ಕಾನ್‌ಸ್ಟೇಬಲ್ ಮರಿಲಿಂಗಪ್ಪ ಒಂದು ಚೀಲ ರಬ್ಬರ್ ಚೂರು ಆರಿಸಿ ತಂದ.

"ಲಾರಿ ಓಡಾಡೋ ದಾರಿ ಐತ್ರಿ. ಇದರಾಗ ಯಾವ್ದು ಯಾರದು, ಆ ದೇವರಿಗೇ ಗೊತ್ತು."

ಮಲ್ಲೇಶ್ವರಿ ಮೌನೇಶನನ್ನು ಮತ್ತೆ ಕೂರಿಸಿಕೊಂಡಳು.

"ಹೊಸ ಟೈರ್ ಹಾಕಿದ್ದು ನಿನಗ ಗೊತ್ತಿಲ್ಲೇನು?"

"ಹಾಕೇ ಇಲ್ರಿ ಮೇಡಂ! ಟೈರ್ ಬೋಳಾಗ್ಯಾವ, ಒಳಗಿನ ತಂತಿ ಕಾಣಾಕತ್ತೈತಿ ಅಂತ ಉಗಾದಿಯಿಂದ ಹೇಳಾಕತ್ತೀನಿ. ಯಾವ ಕಂಪನೀದು ಛಲೋ ನೋಡೂಣು ತಡಿ ಅಂತಿದ್ರು."

ಇಬ್ಬರಲ್ಲಿ ಒಬ್ಬ ಸುಳ್ಳ. ಕಾರು ಮಾತ್ರ ಸಾಹುಕಾರನ ಪರವಾಗಿ ಸಾಕ್ಷಿ ಹೇಳುತ್ತಿತ್ತು.

*

ಮರುದಿನ ಮಲ್ಲೇಶ್ವರಿ ಯಾದಗಿರಿಗೆ ಹೋದಳು. ಬಿಲ್ ಕೊಟ್ಟ ಟೈರ್ ಅಂಗಡಿ ನಡೆಸುವವಳು ಮಮ್ತಾಜ. ಮಾತಿನಲ್ಲಿ ಬಲು ಚುರುಕು.

"ಭಗವಂತರಾಯ ಸಾವ್ಕಾರ್ರಾ? ಯಾ ಅಲ್ಲಾ! ಕನ್ಯಾ ನೋಡಾಕ ಬಂದಂಗ ಬರ್ತಿದ್ರಿ. ಒಂದನ್ನ ಬಡದು ನೋಡೋದು, ಇನ್ನೊಂದಕ್ಕ ಉಗುರು ಊರಿ ನೋಡೋದು. ಇದು ಮಳ್ಯಾಗ ಜಾರತೈತೇನು, ಅದು ಕಲ್ಲಿನ ದಾರಿಗೆ ತಡೀತೈತೇನು? ನಿಮ್ಮ ಕಡೆ ದಾರಿಗೆ ಬದಿ ಗಟ್ಟಿ ಇರೋದು ತಗೋರಿ ಅಂತ ಹೇಳಿ ಹೇಳಿ ನನ್ನ ಬಾಯಿ ಬತ್ತಿತು."

"ಕಡೀಗೆ ತಗೊಂಡ್ರೋ ಇಲ್ಲೋ?"

"ತಗೊಂಡ್ರಿ. ಹೋದ ವಾರ, ನಾಕೂ."

ಮಲ್ಲೇಶ್ವರಿಯ ಮುಖ ಸಪ್ಪಗಾಯಿತು. ಬಿಲ್ ನಿಜವಾದದ್ದೇ. ಆದರೂ ಕೇಳಿಯೇಬಿಟ್ಟಳು.

"ನೀವೇ ಗಾಡಿಗೆ ಕೂಡಿಸಿ ಕೊಟ್ರೇನು?"

"ಇಲ್ರಿ. ಗೂಡ್ಸ್ ಗಾಡ್ಯಾಗ ಹೇರಿಸ್ಕೊಂಡು ಹೋದ್ರು. ಅಮಾಸಿ ಬರ್ಲಿ, ಪೂಜಾ ಮಾಡಿ ಹಾಕಿಸ್ತೀನಿ ಅಂದ್ರು."

ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು. ಆದರೆ ಮನಸ್ಸು ಬದಲಿಸಿ ಮೊದಲೇ ಹಾಕಿಸಿದೆ ಎಂದು ಸಾಹುಕಾರ ಹೇಳಿದರೆ ಅಲ್ಲಿಗೆ ಮುಗಿಯಿತು. ಇಷ್ಟು ಸಾಕಾಗುತ್ತಿರಲಿಲ್ಲ.

*

ಗೋದಾಮಿಗೆ ಬಂದವಳೇ ಕಾರನ್ನು ಠಾಣೆಗೆ ಸಾಗಿಸಲು ಹೇಳಿದಳು. ಮರಿಲಿಂಗಪ್ಪ ಇನ್ನಿಬ್ಬರ ಜೊತೆ ಹಿಂದಿನಿಂದ ನೂಕಿದ. ಗಾಲಿಗಳು ಒಂದು ಮೊಳ ಸರಿದವು.

ಪ್ರತಿ ಗಾಲಿಯ ಅಡಿಯಲ್ಲೂ ಒಂದೊಂದು ಜಜ್ಜಿಹೋದ ನಿಂಬೆಹಣ್ಣು.

ಮಲ್ಲೇಶ್ವರಿ ಬಗ್ಗಿ ಬೆರಳು ಮುಟ್ಟಿಸಿದಳು. ರಸ ಇನ್ನೂ ಆರಿರಲಿಲ್ಲ.

"ಇದೇನ್ರಿ ಸಾವ್ಕಾರ್ರ?"

"ಹೊಸ ಟೈರಲ್ಲೇನ್ರಿ? ನಿಂಬಿಹಣ್ಣು ತುಳಿಸದ ಹೆಂಗ ಉರುಳಸೋದು?" ಎಂದುಬಿಟ್ಟ ಭಗವಂತರಾಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲಿಗೆ ಕಚ್ಚಿಕೊಂಡರೆ ಬಂದೀತೆ?

"ಹೌದ್ರಿ. ನಮ್ಮೂರು ಕಕ್ಕೇರಾದಾಗೂ ಹಂಗ ಮಾಡ್ತಾರ. ಗಾಲಿ ಮೊದಲನೇ ಸಲ ಉರುಳೂವಾಗ ತುಳಿಸ್ತಾರ," ಎಂದಳು ಮಲ್ಲೇಶ್ವರಿ. "ಹೋದ ವಾರ ಹಾಕಿಸಿದ್ರ ಈ ಹಣ್ಣು ನಿಮ್ಮ ಮನಿ ಮುಂದ ಒಣಗಿ ಬಿದ್ದಿರಬೇಕಿತ್ತು. ಕಾರು ಈ ಅಂಗಳಕ್ಕ ಬಂದದ್ದು ನಿನ್ನೆ, ಇಂಜಿನ್ ಸತ್ತ ಮ್ಯಾಲ. ಅಂದ್ರ ಈ ಟೈರ್ ಮೊದಲನೇ ಸಲ ನೆಲಾ ಮುಟ್ಟಿದ್ದು ಇಲ್ಲೇ. ಸಾಬಣ್ಣ ಸತ್ತ ಮ್ಯಾಲ."

"ಅದು... ದೃಷ್ಟಿ ತೆಗ್ಯಾಕ ಇಟ್ಟಿದ್ದು..."

"ಹಳೇ ಟೈರ್ ಎಲ್ಲಿಟ್ಟೀರಿ?"

 ಭಗವಂತರಾಯನ ಕಣ್ಣು ಒಮ್ಮೆ ಮೇಲೆ ಹೋಗಿ ಬಂತು. ಗೋದಾಮಿನ ತಗಡು ಗಾಳಿಗೆ ಹಾರದಂತೆ ಮೇಲೆ ಹಳೆ ಟೈರುಗಳನ್ನು ಹೇರಿದ್ದರು. ಈ ಸೀಮೆಯಲ್ಲಿ ಯಾರು ತಾನೆ ಹೇರುವುದಿಲ್ಲ! ಮರಿಲಿಂಗಪ್ಪ ಏಣಿ ಹಾಕಿ ಹತ್ತಿದ. ಎಲ್ಲದರ ಮೇಲೂ ಧೂಳು ಕೂತಿತ್ತು. ನಾಲ್ಕರ ಮೇಲೆ ಮಾತ್ರ ಇರಲಿಲ್ಲ. ಅವುಗಳಲ್ಲಿ ಒಂದರ ಬದಿ ಹರಿದು ಬಾಯಿ ತೆರೆದಿತ್ತು. ಹೊರಬಂದ ತಂತಿಗೆ ಕುರಿಯ ಉಣ್ಣೆ ಸಿಕ್ಕಿಕೊಂಡಿತ್ತು.

*

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ಬೋಳು ಟೈರಿನ ಕಾರು ಎಂದು ಗೊತ್ತಾದರೆ ಕೇಸು ತನ್ನ ಮೇಲೆ ಬರುತ್ತದೆ, ವಿಮೆಯೂ ಸಿಗುವುದಿಲ್ಲ ಎಂದು ಸಾಹುಕಾರ ಹೆದರಿದ್ದ. ಅಮಾವಾಸ್ಯೆ ಪೂಜೆಗೆಂದು ಗೋದಾಮಿನಲ್ಲೇ ಇಟ್ಟಿದ್ದ ಹೊಸ ಟೈರುಗಳನ್ನು ಪೊಲೀಸರು ಬರುವ ಮೊದಲೇ ಹಾಕಿಸಿದ್ದ. ಕೂಡಿಸಿದ ಪಂಕ್ಚರ್ ಅಂಗಡಿಯವನೂ ಒಪ್ಪಿಕೊಂಡ.

ಮೌನೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. 

ಠಾಣೆಯ ಗೋಡೆಗೆ ಒರಗಿ ಸಾಬಣ್ಣನ ಹೆಂಡತಿ ಸೌಭಾಗ್ಯ ಕುಳಿತಿದ್ದಳು. ಹೇಳಿಕೆ ಕೊಡಲು ಬಂದವಳು, ಎಲ್ಲವನ್ನೂ ಕೇಳುತ್ತಿದ್ದಳು.

"ಒಂದು ಮಾತು ತಿಳೀವಲ್ದು ಸಾವ್ಕಾರ್ರ," ಎಂದಳು ಮಲ್ಲೇಶ್ವರಿ. "ಸುಳ್ಳು ಹೇಳಾಕ ಹೊಂಟಿದ್ರಿ. ಕೆಟ್ಟು ನಿಂತ ಕಾರು. ಅದಕ್ಕೂ ನಿಂಬಿಹಣ್ಣು ಯಾಕ ಇಟ್ರಿ?"

"ಪೂಜಾ ಇಲ್ದ ಹೊಸ ಟೈರ್ ಉರುಳಿಸಬಾರದ್ರಿ," ಎಂದ ಭಗವಂತರಾಯ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. "ಯಾರ ಜೀವಕ್ಕಾದ್ರೂ ಕುತ್ತು ಬರ್ತೈತಿ."

ಸೌಭಾಗ್ಯ ತಲೆ ಎತ್ತಿದಳು.

"ಅದಕ್ಕಾಗೇ ಅಮಾಸಿ ಹಾದಿ ಕಾಯಾಕತ್ತಿದ್ರೇನ್ರಿ ಸಾವ್ಕಾರ್ರ?"

 ಮರಿಲಿಂಗಪ್ಪ ಭಗವಂತರಾಯನನ್ನು ಒಳಗೆ ಕರೆದುಕೊಂಡು ಹೋದ.