ಖಾಲಿ ಬಿಟ್ಟ ಆವರ್ತನ

ನಡುಮನೆಯಲ್ಲಿ ಕೂತು ಜಾಹ್ನವಿ ಪಿಟೀಲಿನ ಮೇಲೆ ಕಮಾನು ಎಳೆದಳು. ಅದೇ ಕ್ಷಣಕ್ಕೆ ಅಡುಗೆಮನೆ, ದೇವರಮನೆ, ಮಹಡಿಯ ಕೋಣೆ, ಎಲ್ಲ ಕಡೆಯ ರೇಡಿಯೋಗಳಲ್ಲೂ ಕಲ್ಯಾಣಿ ರಾಗ ಹೊಮ್ಮಿತು. ತಂತಿಯಿಲ್ಲ, ತಡವಿಲ್ಲ. ತುಮಕೂರಿನ ಮನೆಮನೆಗೂ ಆಗ ‘ಮನೆಯುಲಿ’ ಎಂಬ ಯಂತ್ರ ಬಂದಿತ್ತು.

ಗೋಡೆ ದಾಟುವಾಗ ಅಲೆಗಳು ಸೊರಗಿ ಒಂದೆರಡು ಸ್ವರ ಕಳೆದುಹೋಗುವುದುಂಟು. ಅದಕ್ಕೆಂದೇ ಯಂತ್ರದೊಳಗೆ ‘ತೆರಪುತುಂಬುಕ’ ಎಂಬ ಭಾಗವಿತ್ತು. ಆಯಾ ಮನೆಯ ಸಂಗೀತವನ್ನು ಕೇಳಿ ಕೇಳಿ ಕಲಿತು, ಕಳೆದದ್ದನ್ನು ಅದು ತಾನೇ ನುಡಿಸಿ ಸೇರಿಸುತ್ತಿತ್ತು. ಪ್ರತಿ ರೇಡಿಯೋಗೂ ಒಂದು ಪುಟ್ಟ ಕಿವಿ ಕೂಡ ಇತ್ತು. ಕೋಣೆಯ ಗದ್ದಲ ನೋಡಿಕೊಂಡು ದನಿಯನ್ನು ಏರಿಸಿ ಇಳಿಸಲು.

ಜಾಹ್ನವಿ ಪಕ್ಕವಾದ್ಯದವಳು. ಗಂಡ ನರಹರಿ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಸ್ವರ ಹಾಡಿದರೆ ಮುಂದಿನ ಆವರ್ತನ ಅವಳದು. ಅವನು ತೀರಿಕೊಂಡ ಮೇಲೂ ಅವಳ ಅಭ್ಯಾಸ ಹಾಗೆಯೇ ನಡೆದಿತ್ತು. ಅವನ ಸರದಿ ಬಂದಾಗ ಕಮಾನು ಎತ್ತಿ, ತಾಳವನ್ನಷ್ಟೇ ಎಣಿಸಿ, ಕಾಯುತ್ತಿದ್ದಳು. ಅವಳಿಗೆ ಉಳಿದಿದ್ದದ್ದು ಆ ಮೌನವೊಂದೇ.

ಮಹಡಿಯ ಬಾಗಿಲು ತೆರೆದಿದ್ದ ಒಂದು ಬೆಳಿಗ್ಗೆ, ಅವಳು ಕಮಾನು ಎತ್ತಿದರೂ ಮೇಲಿನ ರೇಡಿಯೋ ನುಡಿಯುತ್ತಲೇ ಇತ್ತು.

ಯಂತ್ರವನ್ನು ರೂಪಿಸಿದ ವಿಜ್ಞಾನಿ ಶಾಹಿನಾ ಹಿಂದಿನ ಬೀದಿಯವಳೇ. ಕರೆದ ಕೂಡಲೇ ಬಂದಳು.

“ಅವರ ಜಾಗದಲ್ಲಿ ಯಂತ್ರ ಕೂತ್ಕೊಳ್ಳೋದು ಬೇಡ,” ಎಂದಳು ಜಾಹ್ನವಿ. “ಇಲ್ಲಾಂದ್ರೆ ನಾನು ಪಿಟೀಲು ಮುಟ್ಟಲ್ಲ.”

“ಸುಮ್ನಿದ್ರೆ ಅಲೆ ಕಳೆದುಹೋಯ್ತು ಅಂತ ಇದರ ಲೆಕ್ಕ. ಪಕ್ಕವಾದ್ಯದೋರು ಒಬ್ರೇ ಕೂತು ಹೀಗೆ ಜಾಗ ಬಿಡ್ತಾರೆ ಅಂತ ನಂಗೆ ಹೊಳೀಲೇ ಇಲ್ಲ, ಅಕ್ಕ. ತುಂಬಿದ್ದು ನರಹರಿ ಅಣ್ಣನ ಥರಾನೇ ಇತ್ತಾ?”

“ಸಂಚಾರ ಅವರದೇ. ಕೆಳಗಿನ ನಿಷಾದ ಸ್ವರ ಮಾತ್ರ ಪೂರ್ತಿ ಇಳಿಯದೆ ಮೇಲೇ ನಿಂತಿತ್ತು. ಅವರು ಹಾಗೆ ಹಾಡ್ತಿರಲಿಲ್ಲ.”

“ನಿಮ್ಮದೂ ಅಲ್ವಾ?”

“ಹಾಗೆ ನುಡಿಸಿದ್ರೆ ನನ್ನ ಯಾರು ಕಛೇರಿಗೆ ಕರೀತಾರೆ?”

ಶಾಹಿನಾ ಯಂತ್ರದ ನೆನಪನ್ನು ತಡಕಿದಳು. ಆ ನಿಷಾದ ಬಂದದ್ದು ಅಡುಗೆಮನೆಯ ರೇಡಿಯೋದ ಕಿವಿಯಿಂದ. ಕುಕ್ಕರಿನ ಸದ್ದಿನ ಕೆಳಗೆ ಯಾರೋ ಗುನುಗುತ್ತಿದ್ದರು, ದಿನವೂ, ಖಾಲಿ ಬಿಟ್ಟ ಆವರ್ತನದಲ್ಲಿ ಮಾತ್ರ. ಅದೇ ರಾಗ, ಅದೇ ತಾಳ. ಕಳೆದುಹೋದದ್ದು ಇದೇ ಎಂದುಕೊಂಡು ಯಂತ್ರ ಕಲಿತುಬಿಟ್ಟಿತ್ತು.

ಇಬ್ಬರೂ ಅಡುಗೆಮನೆಯ ಬಾಗಿಲಿಗೆ ಹೋದರು. ಅತ್ತೆ ತುಂಗಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದರು.

“ಏನ್ರೇ ಹಾಗ್ ನೋಡ್ತೀರ? ಕಾಫಿ ಬೇಕಾ?”

“ಅತ್ತೆ, ನಾನು ನುಡಿಸೋವಾಗ ನೀವು ಹಾಡ್ತೀರಾ?”

ತುಂಗಮ್ಮ ಸೆರಗಿಗೆ ಕೈ ಒರೆಸಿಕೊಂಡರು. “ಹಾಡೋದೇನು ಬಂತು. ಅವನ ಸರದಿ ಬರಿದೇ ಹೋಗ್ತಿತ್ತಲ್ಲ, ಅದಕ್ಕೆ. ಅವನ ಶ್ರುತಿಗೆ ನನ್ನ ಗಂಟಲು ಇಳಿಯಲ್ಲ ನೋಡು. ನಿಂಗೆ ಅಡ್ಡಿ ಆಗಿದ್ರೆ ಬಾಯಿ ಮುಚ್ಕೋತೀನಿ ಬಿಡು.”

ಶಾಹಿನಾ ಜಾಹ್ನವಿಯ ಮುಖ ನೋಡಿದಳು.

“ಯಂತ್ರ ತುಂಬೋದನ್ನ ನಿಲ್ಲಿಸಿಬಿಡು,” ಎಂದಳು ಜಾಹ್ನವಿ.

ತುಂಗಮ್ಮ ಮತ್ತೆ ಹುರುಳಿಕಾಯಿಗೆ ಕೈ ಹಾಕಿದರು.

ಜಾಹ್ನವಿ ಪಿಟೀಲು ತಂದು ಅವರೆದುರು ನೆಲದ ಮೇಲೆ ಕೂತಳು. ತಂತಿಗಳು ಇನ್ನೂ ನರಹರಿಯ ಶ್ರುತಿಯಲ್ಲೇ ಇದ್ದವು. ಬಿರಡೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ತಡೆದಳು. ಆಮೇಲೆ ತಿರುಗಿಸತೊಡಗಿದಳು. ತಂತಿಯ ದನಿ ಮೆಲ್ಲಗೆ ಮೇಲೇರಿತು.

“ನಿಮ್ಮ ಗಂಟಲಿಗೆ ಎಲ್ಲಿಗೆ ಸಾಕು ಅನ್ಸುತ್ತೋ ಹೇಳಿ, ಅತ್ತೆ.”